ಖಾಲಿ ತಟ್ಟೆಯ ತನಿಖೆ

ಬಟ್ಟೆ ಕಾರ್ಖಾನೆಯ ಹೆಂಗಸರ ಗೇಟಿನಲ್ಲಿ ಚೀಲ ತಪಾಸಣೆಗೆ ನಿಲ್ಲುವ ಅಕ್ಕನ ಬಲಗಿವಿಯ ಬಗ್ಗೆ ಹಬ್ಬಿರುವ ಕಥೆಗಳನ್ನೆಲ್ಲ ಒಟ್ಟುಮಾಡಿದರೆ ಒಂದು ಪುರಾಣವೇ ಆದೀತು. ಉಳಿದ ತಪಾಸಣೆಯವರು ಚೀಲಕ್ಕೆ ಕೈಹಾಕಿ ತಡಕಾಡುತ್ತಾರೆ, ಕಣ್ಣು ಕಿರಿದು ಮಾಡಿ ಇಣುಕುತ್ತಾರೆ. ಪಾಪ, ಸಾಮಾನ್ಯ ಮನುಷ್ಯರು. ಅಕ್ಕ ಚೀಲವನ್ನು ಎತ್ತಿ ಬಲಗಿವಿಯ ಹತ್ತಿರ ಹಿಡಿದು ಒಂದೇ ಒಂದು ಸಲ ಅಲ್ಲಾಡಿಸುತ್ತಾಳೆ. ಒಳಗಿರುವ ದಾರದ ಉಂಡೆ ಬಿಳಿಯದೋ ಕರಿಯದೋ ಎಂಬುದನ್ನೂ ಆ ಕಿವಿ ಹೇಳಬಲ್ಲದು ಎಂದು ಹೊಲಿಗೆ ವಿಭಾಗದವರು ಆಣೆ ಮಾಡಿ ಹೇಳುತ್ತಾರೆ. ಒಮ್ಮೆ ದಾರಿತಪ್ಪಿ ಆ ಗೇಟಿಗೆ ಬಂದ ಮ್ಯಾನೇಜರ ಊಟದ ಡಬ್ಬಿಯನ್ನು ಅಲ್ಲಾಡಿಸಿ, "ಸಾರ್, ಇವತ್ತು ಮನೇಲಿ ಜಗಳ ಆಡ್ಕೊಂಡು ಬಂದಿದೀರ" ಎಂದಳಂತೆ. ಡಬ್ಬಿಯಲ್ಲಿ ಚಮಚದ ಸದ್ದಿರಲಿಲ್ಲ. ತಮ್ಮನಿಗೆ ಮೊದಲ ಮಗಳು ಹುಟ್ಟಿದಾಗ ನರ್ಸು ಕೂಸನ್ನು ತಂದು ಕೈಗಿಟ್ಟರೆ, ಅಕ್ಕ ಅದನ್ನೂ ಕಿವಿಯ ಹತ್ತಿರ ತಂದು ಮೆಲ್ಲಗೆ ಅಲ್ಲಾಡಿಸಿದಳು. ವಾರ್ಡಿಗೆ ವಾರ್ಡೇ ಉಸಿರು ಬಿಗಿಹಿಡಿಯಿತು. "ಸರಿಯಾಗಿದೆ" ಎಂದು ವಾಪಸು ಕೊಟ್ಟಳು.

ಆ ಕಿವಿಗೆ ಇನ್ನೊಂದು ವಿದ್ಯೆಯೂ ಗೊತ್ತಿತ್ತು. ಸಿಕ್ಕಿಬಿದ್ದವರು ಯಾರೂ "ನಾನು ಇಟ್ಟೆ" ಎನ್ನುವುದಿಲ್ಲ, "ಹೇಗೋ ಬಂದ್ಬಿಟ್ಟಿದೆ ಅಕ್ಕಾ" ಎನ್ನುತ್ತಾರೆ ಎಂಬುದನ್ನು ಅವಳು ಕಂಡುಕೊಂಡಿದ್ದಳು. ಅಂಥವರಿಗೆಲ್ಲ ಅವಳದು ಒಂದೇ ಪ್ರಶ್ನೆ: "ನಡ್ಕೊಂಡು ಬಂತಾ, ಬಸ್ಸಲ್ಲಿ ಬಂತಾ?" ಮಾಡಿದವರು ಮಾತಿನಿಂದ ಮಾಯವಾಗಿ, ಕೆಲಸ ಮಾತ್ರ ತಾನಾಗಿ ಆಗಿಬಿಟ್ಟರೆ, ಅಕ್ಕನ ಕಿವಿ ನೆಟ್ಟಗಾಗುತ್ತಿತ್ತು.

ಕಾರ್ಖಾನೆಗೆಲ್ಲ ಅಕ್ಕನಾದ ಇವಳು ತಮ್ಮನ ಇಬ್ಬರು ಹೆಣ್ಣುಮಕ್ಕಳಿಗೆ ಅತ್ತೆ, ತಮ್ಮನ ಹೆಂಡತಿಗೆ ಅತ್ತಿಗೆ. ಬೆಳಗಿನ ಪಾಳಿ ಮುಗಿಸಿ ತಮ್ಮನ ಮನೆಯ ಬೀಗ ತೆಗೆದು, ಶಾಲೆಯಿಂದ ಬರುವ ದೊಡ್ಡದು ಚಿಕ್ಕದು ಎರಡಕ್ಕೂ ತಿಂಡಿ ಕೊಟ್ಟು, ಅವರ ಅಪ್ಪ ಅಮ್ಮ ಬರುವ ತನಕ ನೋಡಿಕೊಳ್ಳುವುದು ಅವಳ ಎರಡನೆಯ ಪಾಳಿ. ಅದಾದ ಮೇಲೆ ಎದುರು ಬೀದಿಯ ತನ್ನ ಒಂಟಿ ಕೋಣೆಗೆ ಹೋಗುತ್ತಾಳೆ. ಅಲ್ಲಿ ಒಂದು ಮಂಚ, ಒಂದು ಕುರ್ಚಿ, ಪಕ್ಕದ ಕಟ್ಟಡದ ಗೋಡೆಗೆ ತೆರೆಯುವ ಕಿಟಕಿ. ಕಿವಿಗೊಟ್ಟು ಕೇಳುವಂಥದ್ದು ಏನೂ ಇಲ್ಲ.

ತಮ್ಮನ ಹೆಂಡತಿ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಲ್ಲಿ ಮುಂದಿನ ಮೇಜಿನಲ್ಲಿ ಕೂರುವವಳು. ಇಡೀ ದಿನ ಬಾಯಿ ತೆರೆದು ಅಳುವ ಮಕ್ಕಳನ್ನು ನೋಡಿ ನೋಡಿ, ಅವಳಿಗೆ ಬಿಸ್ಕತ್ತಿನ ಪೊಟ್ಟಣ ಕಂಡರೆ ಹಾವು ಕಂಡಂತಾಗುತ್ತಿತ್ತು. ಒಂದು ದಿನ ಚಿಕ್ಕದರ ದವಡೆ ಹಲ್ಲಲ್ಲೂ ಹುಳುಕು ಸಿಕ್ಕಿತು. ಆ ಸಂಜೆ ಅವಳು ಕೈಚೀಲವನ್ನೂ ಇಳಿಸದೆ ಮಾತಿಗೆ ನಿಂತಳು.

"ಅತ್ತಿಗೆ, ಇನ್ಮೇಲೆ ಪೊಟ್ಟಣದ್ದು ಬೇಡ. ಹಣ್ಣು, ತರಕಾರಿ, ಕಾಳು, ಮೊಟ್ಟೆ. ಮನೇಲೇ ಮಾಡಿದ್ದು."

"ಆಯ್ತು, ಅದಕ್ಕೇನು."

"ಈ ತಿಂಗಳು ನೋಡ್ತೀನಿ. ಆಗ್ಲಿಲ್ಲಾಂದ್ರೆ ಸ್ಕೂಲ್ ಪಕ್ಕದಲ್ಲೇ ಮಕ್ಕಳನ್ನ ನೋಡ್ಕೊಳ್ಳೋ ಜಾಗ ಇದೆಯಲ್ಲ, ಅಲ್ಲಿಗೆ ಹಾಕ್ಬಿಡ್ತೀನಿ. ತಿಂಡಿ ಅವರೇ ಕೊಡ್ತಾರೆ. ನಿಮಗೂ ಪಾಪ, ದಿನಾ ತೊಂದ್ರೆ."

ತೊಂದರೆಯಂತೆ! ಅಕ್ಕನ ಎದೆಯೊಳಗೆ ಏನೋ ಕಳಚಿ ಬಿದ್ದ ಸದ್ದಾಯಿತು. ಬಾಯಲ್ಲಿ ಮಾತ್ರ "ಹ್ಞೂಂ" ಎಂದಳು.

ಮಾರನೆಯ ದಿನವೇ ಸಮರ ಶುರು. ಕಡ್ಡಿಯಂತೆ ಹೆಚ್ಚಿದ ಕ್ಯಾರೆಟ್ಟು, ಬಿಲ್ಲೆಯಂತೆ ಕೊಯ್ದ ಸೌತೆಕಾಯಿ, ಬೇಯಿಸಿದ ಜೋಳ ಸಾಲಾಗಿ ಬಂದು ನಿಂತವು. ಮಕ್ಕಳು ಅವುಗಳತ್ತ ನೋಡಿದ ನೋಟಕ್ಕೆ ಕ್ಯಾರೆಟ್ಟಿಗೂ ಅವಮಾನವಾಗಿರಬೇಕು. ಆಗ ಅಕ್ಕ ತನ್ನ ಇಡೀ ವೃತ್ತಿಜೀವನಕ್ಕೆ ಬೆನ್ನು ತಿರುಗಿಸಿ ಕಳ್ಳಸಾಗಣೆಗೆ ಇಳಿದಳು. ಆಲೂಗಡ್ಡೆ ಉಂಡೆಯ ಹೊಟ್ಟೆಯಲ್ಲಿ ಬೀಟ್ರೂಟು, ಮೊಟ್ಟೆಯ ಪದರದ ನಡುವೆ ಸೊಪ್ಪು, ಬಾಳೆಹಣ್ಣಿನ ಹಾಲಿನಲ್ಲಿ ಕುಂಬಳಕಾಯಿ. ಚೀಲದ ಅಸ್ತರಿನೊಳಗೆ ಜಿಪ್ಪು ಹೊಲಿದುಕೊಂಡು ಬಂದವರನ್ನೇ ಹಿಡಿದವಳಿಗೆ ಬಚ್ಚಿಡುವ ಕಲೆ ಗೊತ್ತಿಲ್ಲದೆ ಇರುತ್ತದೆಯೇ?

ಆದರೆ ಎದುರಿಗಿದ್ದವು ಅವಳದೇ ಗರಡಿಯಲ್ಲಿ ಬೆಳೆದ ಮಕ್ಕಳು. ದೊಡ್ಡದು ಫೋರ್ಕಿನ ತುದಿಯಿಂದ ಉಂಡೆಯನ್ನು ಬಿಡಿಸಿತು. ಚಿಕ್ಕದು ಹಾಲಿನ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿಯಿತು.

"ಅತ್ತೆ, ಇದರೊಳಗೆ ಏನೋ ಕೆಂಪಗಿದೆ."

"ಆಲೂಗಡ್ಡೆ ನಾಚ್ಕೊಂಡಿದೆ."

"ಯಾಕೆ?"

"ನೀವು ಹೀಗೆ ಬಿಚ್ಚಿ ಬಿಚ್ಚಿ ನೋಡಿದ್ರೆ ಇನ್ನೇನು ಮಾಡತ್ತೆ ಪಾಪ?"

ಮಕ್ಕಳು ನಗಲಿಲ್ಲ. ತಪಾಸಣೆಯವರು ಡ್ಯೂಟಿಯಲ್ಲಿ ನಗಬಾರದು ಎಂದು ಹೇಳಿಕೊಟ್ಟವಳೂ ಅತ್ತೆಯೇ. "ನೀನು ತಿಂದು ತೋರಿಸು" ಎಂದಿತು ದೊಡ್ಡದು. "ನಂದಾಯ್ತು" ಎಂದು ಅಕ್ಕ ಒಳಗೆ ನಡೆದಳು. ಬೀಟ್ರೂಟು ಅವಳಿಗೂ ಸೇರದು.

ಅನ್ನದ ಋಣ ತೀರುತ್ತಿದೆ ಎನಿಸಿದಾಗ ಎಂಥ ವೀರರೂ ಲಂಚ ಕೊಡುತ್ತಾರೆ. ಅಕ್ಕ ಒಂದು ಡಬ್ಬಿಯ ತುಂಬ ಕ್ರೀಮ್ ಬಿಸ್ಕತ್ತು ತಂದು ಕಪಾಟಿನ ನೆತ್ತಿಯ ಮೇಲಿಟ್ಟು ಒಪ್ಪಂದ ಘೋಷಿಸಿದಳು: "ತಟ್ಟೆ ಖಾಲಿ ಆದ್ರೆ ಬಿಸ್ಕತ್ತು. ಅಮ್ಮನ ಹತ್ರ ಉಸಿರೆತ್ತಿದ್ರೆ ಕಿವಿ ಕಿತ್ತು ಕೈಗೆ ಕೊಡ್ತೀನಿ."

ಅಂದಿನಿಂದ ತಟ್ಟೆಗಳು ತೊಳೆದಿಟ್ಟ ಹಾಗೆ ಬರತೊಡಗಿದವು. ಅಕ್ಕ ಬಚ್ಚಲಿನ ಬಟ್ಟೆ ಒಣಹಾಕಿ ಬರುವಷ್ಟರಲ್ಲಿ ಉಂಡೆಯೂ ಇಲ್ಲ, ಸಿಹಿಗೆಣಸಿನ ಹೋಳೂ ಇಲ್ಲ, ಒಂದು ತುಣುಕಿಲ್ಲ. ತಮ್ಮನ ಹೆಂಡತಿಗೆ ಖಾಲಿ ತಟ್ಟೆ ತೋರಿಸಿ ಎರಡು ದಿನ ಬೀಗಿದ್ದೂ ಆಯಿತು. ಆಮೇಲೆ ಕಿವಿಗೆ ಏನೋ ಚುಚ್ಚಿತು.

"ಪೂರ್ತಿ ತಿಂದ್ರಾ?"

"ಖಾಲಿ ಆಯ್ತು ಅತ್ತೆ."

"ತಿಂದ್ರಾ ಅಂದೆ."

"ನೋಡು, ಖಾಲಿ ಆಗಿದೆ."

ಆಯ್ತು! ಆಗಿದೆ! ಯಾರು ಮಾಡಿದರು ಎಂಬುದೇ ಇಲ್ಲ! ಅಕ್ಕನ ಬೆನ್ನುಹುರಿಯಲ್ಲಿ ಗೇಟಿನ ಗಂಟೆ ಹೊಡೆಯಿತು. ಅವಳು ಬಿಸ್ಕತ್ತನ್ನೇನೋ ಕೊಟ್ಟಳು, ಒಪ್ಪಂದ ಒಪ್ಪಂದವೇ. ಆದರೆ ಮಕ್ಕಳು ಹಗ್ಗದಾಟಕ್ಕೆ ಕೆಳಗೆ ಇಳಿದದ್ದೇ ತಡ, ಮನೆಯನ್ನು ಜಾಲಾಡಿದಳು. ಸೋಫಾದ ಸಂದು, ಹೂಕುಂಡದ ಮಣ್ಣು, ಶೂಗಳ ಮೂತಿ, ಶಾಲೆಯ ಚೀಲ, ಕಿಟಕಿಯ ಕೆಳಗಿನ ಚಾವಣಿ, ಎಲ್ಲೂ ಏನಿಲ್ಲ. ಕೆಳಗಿನ ಮನೆಯವರ ನಾಯಿಯ ಬಾಯಿ ಬೀಟ್ರೂಟಿನಿಂದ ಕೆಂಪಗಾಗಿದೆಯೇ ಎಂದೂ ನೋಡಿ ಬಂದಳು. ನಾಯಿ ಮುಖ ತಿರುಗಿಸಿತು. ಅದರ ಮೇಲೆ ಅನುಮಾನ ಇನ್ನಷ್ಟು ಹೆಚ್ಚಿತು.

ಇದರ ಜೊತೆಗೆ ಒಂದು ವಾಸನೆ ಬೇರೆ ಅವಳ ಬೆನ್ನು ಹತ್ತಿತು. ಹುಳಿ ಹುಳಿಯಾದ, ಹಳಸಿದ, ಎಲ್ಲಿ ಹೋದರೂ ಜೊತೆಗೇ ಬರುವ ವಾಸನೆ. ಮನೆಯಲ್ಲಿದ್ದಾಗ ತಮ್ಮನ ಶೂ ಎಂದುಕೊಂಡಳು, ಬಸ್ಸಿನಲ್ಲಿ ಪಕ್ಕದವಳ ತಲೆ, ತನ್ನ ಕೋಣೆಯಲ್ಲಿ ಮೋರಿ, ಗೇಟಿನಲ್ಲಿ ಇಡೀ ಹೊಲಿಗೆ ವಿಭಾಗ. ಜಗತ್ತಿನಲ್ಲಿ ಸ್ನಾನ ಮಾಡುವವಳು ತಾನೊಬ್ಬಳೇ ಎಂಬ ತೀರ್ಮಾನಕ್ಕೆ ಬರುವವಳಿದ್ದಳು.

ಕಾರ್ಖಾನೆಯಲ್ಲೊಂದು ನಿಯಮವಿದೆ. ತಪಾಸಣೆಯವರು ಮನೆಗೆ ಹೊರಡುವಾಗ ಅವರ ಚೀಲವನ್ನು ಮುಂದಿನ ಪಾಳಿಯವಳು ತಪಾಸಣೆ ಮಾಡಬೇಕು. ಅಕ್ಕನ ಚೀಲವನ್ನು ಮುಟ್ಟುವ ಧೈರ್ಯ ಇದುವರೆಗೆ ಯಾರಿಗೂ ಬಂದಿರಲಿಲ್ಲ. ಆದರೆ ಆ ದಿನ ಹೊಸ ಸೂಪರ್‌ವೈಸರಮ್ಮ ಕೈಕಟ್ಟಿ ನಿಂತಿದ್ದಳು. ಮಧ್ಯಾಹ್ನದ ಪಾಳಿಯವಳು ಹೆದರಿ ಹೆದರಿ ಚೀಲ ತೆಗೆದುಕೊಂಡಳು. ಅವಳಿಗೆ ಅಲ್ಲಾಡಿಸಿ ಕೇಳುವ ವಿದ್ಯೆ ಬಾರದು, ಪಾಪ. ಎಲ್ಲರಂತೆ ಕೈಹಾಕಿದಳು. ಕೊಡೆಯ ಕೆಳಗೆ, ಅಕ್ಕ ಎಂದೂ ತೆರೆಯದ ತಳದ ಜಿಪ್ಪಿನೊಳಗಿಂದ ಹಳದಿ ಹೂವಿನ ಪುಟ್ಟ ಕಾಲುಚೀಲವೊಂದು ಹೊರಬಂತು. ಅದರ ಹಿಂದೆಯೇ ಇನ್ನೊಂದು. ಎರಡೂ ಗುಂಡು ಗುಂಡಾಗಿ ಉಬ್ಬಿದ್ದವು. ಒಂದನ್ನು ತಲೆಕೆಳಗು ಮಾಡಿದರೆ ಮೇಜಿನ ಮೇಲೆ ಸಿಹಿಗೆಣಸು, ಬೀಟ್ರೂಟಿನ ಉಂಡೆ, ಒಂದು ಕಾಲಕ್ಕೆ ಕ್ಯಾರೆಟ್ಟಾಗಿದ್ದ ಏನೋ ಒಂದು ಉದುರಿತು. ಹಿಂದೆ ಸಾಲಿನಲ್ಲಿ ನಿಂತಿದ್ದವರೆಲ್ಲ ಮೂಗು ಮುಚ್ಚಿಕೊಂಡರೂ ಕಣ್ಣು ಮುಚ್ಚಿಕೊಳ್ಳಲಿಲ್ಲ.

"ಏನಮ್ಮ ಇದು?" ಎಂದಳು ಸೂಪರ್‌ವೈಸರಮ್ಮ.

ಅಕ್ಕನ ಬಾಯಿಂದ ಆ ಮಾತು ತಡೆಯುವ ಮುಂಚೆಯೇ ಜಾರಿತು: "ಹೇಗೋ... ಬಂದ್ಬಿಟ್ಟಿದೆ ಮೇಡಂ."

ಸಾಲಿನಲ್ಲಿ ನಿಂತಿದ್ದ ಕಾಜಾ ಹೊಲಿಯುವವಳು, ಜಿಪ್ಪಿನ ಸಮೇತ ಹಿಂದೊಮ್ಮೆ ಸಿಕ್ಕಿಬಿದ್ದಿದ್ದವಳು, ಜೇನಿನಂಥ ದನಿಯಲ್ಲಿ ಕೇಳಿದಳು: "ನಡ್ಕೊಂಡು ಬಂತಾ ಅಕ್ಕಾ, ಬಸ್ಸಲ್ಲಿ ಬಂತಾ?"

"ಕಾಲುಚೀಲ ಹಾಕ್ಕೊಂಡಿದೆಯಲ್ಲೇ," ಎಂದಳು ಅವಳ ಹಿಂದಿನವಳು, "ನಡ್ಕೊಂಡೇ ಬಂದಿರತ್ತೆ!"

ಆ ನಗು ಯಂತ್ರಗಳ ಸದ್ದನ್ನೂ ಮೀರಿ ಒಳಗಿನವರೆಗೆ ಕೇಳಿಸಿತಂತೆ. ಸೂಪರ್‌ವೈಸರಮ್ಮನೇ ಕರವಸ್ತ್ರ ಬಾಯಿಗೆ ಒತ್ತಿಕೊಂಡು, "ಕಾರ್ಖಾನೆ ಮಾಲಲ್ಲ, ಹೋಗಿ" ಎಂದು ಕೈಬೀಸಿದಳು.

ಅಕ್ಕ ಆ ದಿನ ಬಸ್ಸಿಗೆ ಕಾಯಲಿಲ್ಲ. ದಾಪುಗಾಲಿಟ್ಟು ನಡೆದು ಬಂದು, ಮಕ್ಕಳು ಶಾಲೆಯಿಂದ ಬರುತ್ತಲೇ ಕಾಲುಚೀಲಗಳನ್ನು ಮೇಜಿನ ಮೇಲಿಟ್ಟಳು. ತಪ್ಪಿತಸ್ಥರು ಏನೇನು ಹೇಳಬಹುದು, ಅದಕ್ಕೆ ತಾನು ಏನೇನು ಉತ್ತರ ಕೊಡಬೇಕು ಎಂದು ದಾರಿಯುದ್ದಕ್ಕೂ ಸಿದ್ಧಮಾಡಿಕೊಂಡಿದ್ದಳು. ಯಾವುದೂ ಬೇಕಾಗಲಿಲ್ಲ.

"ನಾನು ಇಟ್ಟೆ," ಎಂದಿತು ದೊಡ್ಡದು.

"ಕಾಲುಚೀಲ ನಂದು," ಎಂದಿತು ಚಿಕ್ಕದು, ತುಸು ಹೆಮ್ಮೆಯಿಂದಲೇ. "ಡಬ್ಬೀಲಿ ಇಟ್ರೆ ಸದ್ದು ಬರತ್ತೆ."

"ನನ್ನ ಬ್ಯಾಗೇ ಬೇಕಾಗಿತ್ತಾ ನಿಮಗೆ?"

"ನೀನು ಎಲ್ಲರ ಬ್ಯಾಗೂ ನೋಡ್ತೀಯ. ನಿನ್ನ ಬ್ಯಾಗು ಮಾತ್ರ ನೋಡಲ್ಲ."

ಅಕ್ಕ ಕುರ್ಚಿ ಎಳೆದುಕೊಂಡು ಕೂತಳು. "ಆದ್ರೂ ಯಾಕ್ರೇ ಹೀಗೆ ಮಾಡಿದ್ರಿ?"

"ನೀನು ಉಂಡೇಲಿ ಬಚ್ಚಿಟ್ಟೆ. ನಾವು ಬ್ಯಾಗಲ್ಲಿ ಬಚ್ಚಿಟ್ವಿ," ಎಂದಿತು ದೊಡ್ಡದು. "ಅದೂ ಅಲ್ದೆ, ಅಷ್ಟು ಒಳ್ಳೇದಾಗಿದ್ರೆ ನೀನ್ಯಾಕೆ ತಿನ್ನಲ್ಲ?"

ಅಕ್ಕ ಎದ್ದು ಕಪಾಟಿನ ಮೇಲಿನ ಡಬ್ಬಿ ಇಳಿಸಿ ತನ್ನ ಚೀಲಕ್ಕೆ ಹಾಕಿಕೊಂಡಳು. ಮಾರನೆಯ ದಿನ ಅದು ಹೊಲಿಗೆ ವಿಭಾಗಕ್ಕೆ ಹೋಯಿತು. ಅಲ್ಲಿ ಅದು ಮುಗಿಯಲು ಯಾರಿಗೂ ಲಂಚ ಕೊಡಬೇಕಾಗಲಿಲ್ಲ.

ಆ ಮಧ್ಯಾಹ್ನ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ಮಕ್ಕಳಿಬ್ಬರನ್ನೂ ನಿಲ್ಲಿಸಿ, ಒಳಗೆ ಹೋಗುವ ಪ್ರತಿಯೊಂದನ್ನೂ ತೋರಿಸಿದಳು. ಬೇಯಿಸಿದ ಕಡಲೆಕಾಳು, ಸೌತೆಕಾಯಿ, ಸೇಬು, ಒಂದು ಬಟ್ಟಲು ಮೊಸರು. ಯಾವುದನ್ನೂ ಯಾವುದರೊಳಗೂ ಹಾಕಲಿಲ್ಲ. ಬೇರೆ ಬೇರೆಯಾಗಿ ಮೇಜಿನ ನಡುವೆ ಇಟ್ಟು, ತಾನೂ ಕೂತು ತಿನ್ನತೊಡಗಿದಳು.

"ಬಿಸ್ಕತ್ತು?" ಎಂದಿತು ಚಿಕ್ಕದು.

"ಇಲ್ಲ."

"ಇದನ್ನ ತಿಂದ ಮೇಲೆ?"

"ಆಗ್ಲೂ ಇಲ್ಲ."

ಮಕ್ಕಳು ಕೈ ಹಚ್ಚಲಿಲ್ಲ. ಅಕ್ಕನನ್ನು ಅನುಮಾನದಿಂದ ನೋಡುತ್ತಾ ಹಗ್ಗ ಹಿಡಿದು ಕೆಳಗಿಳಿದವು. ಅವಳು ಬಟ್ಟಲುಗಳನ್ನು ಎತ್ತಿಡಲೂ ಇಲ್ಲ, ಕರೆಯಲೂ ಇಲ್ಲ. ಕಿಟಕಿಯಿಂದ ಹಗ್ಗ ನೆಲಕ್ಕೆ ಬಡಿಯುವ ಸದ್ದು ಕೇಳುತ್ತಾ, ಇಂಥ ಸದ್ದು ತನ್ನ ಕೋಣೆಯವರೆಗೆ ಬರುವುದಿಲ್ಲವಲ್ಲ ಎಂದುಕೊಂಡು ಕೂತಳು.

ಸರಿಯಾಗಿ ಅದೇ ಸಂಜೆ ತಮ್ಮನ ಹೆಂಡತಿ ಹೇಳದೆ ಕೇಳದೆ ಬೇಗ ಬಂದಳು. ಹುಳುಕಿನ ಹಲ್ಲು ತುಂಬಿಸಲು ಹೋದಾಗ ಡಾಕ್ಟರು ಚಿಕ್ಕದರ ಹಲ್ಲಿನ ಸಂದಿನಲ್ಲಿ ಕ್ರೀಮು ಕಂಡಿದ್ದರು. ಖಾಲಿ ತಟ್ಟೆಗಳ ಮೇಲೆ ಅಂದಿನಿಂದ ಅವಳಿಗೂ ಅನುಮಾನ. ಕಳ್ಳಹೆಜ್ಜೆಯಲ್ಲಿ ಮೆಟ್ಟಿಲು ಹತ್ತಿ ತಟ್ಟನೆ ಬಾಗಿಲು ತೆರೆದಳು.

ಮೇಜಿನ ಸುತ್ತ ಮೂವರೂ ಕೂತಿದ್ದರು. ಬೆವೆತ ಮುಖದ ಮಕ್ಕಳು ಕಡಲೆಕಾಳನ್ನು ಹಿಡಿ ಹಿಡಿಯಾಗಿ ಬಾಯಿಗೆ ಹಾಕಿಕೊಳ್ಳುತ್ತಿದ್ದವು. ಸೌತೆಕಾಯಿಯ ಕೊನೆಯ ಬಿಲ್ಲೆಗೆ ಜಗಳ ನಡೆದಿತ್ತು. ಅಮ್ಮ ಬಂದದ್ದನ್ನೂ ಯಾರೂ ಗಮನಿಸಲಿಲ್ಲ.

ಅವಳು ಇದನ್ನು ನಂಬುವ ಹೆಣ್ಣಲ್ಲ. ದಿಂಬು ಎತ್ತಿ ನೋಡಿದಳು, ಕಪಾಟಿನ ಮೇಲೆ ಕೈಯಾಡಿಸಿದಳು, ಚಿಕ್ಕದರ ಬಾಯಿ ತೆರೆಸಿ ಮೂಸಿದಳು. ಸೌತೆಕಾಯಿ.

"ಬಿಸ್ಕತ್ತು ಎಲ್ಲಿದೆ?"

"ಅತ್ತೆ ದಿನಾ ಕೊಡ್ತಿದ್ಲು," ಎಂದಿತು ಚಿಕ್ಕದು, ಬಾಯಿ ತೆರೆದಿದ್ದರಿಂದ ಮಾತೂ ಹೊರಬಿತ್ತು. "ಇವತ್ತಿಂದ ಇಲ್ವಂತೆ."

ತಮ್ಮನ ಹೆಂಡತಿ ಸೊಂಟಕ್ಕೆ ಕೈಯಿಟ್ಟು ತಿರುಗಿದಳು. "ಅತ್ತಿಗೆ?"

"ಕೊಟ್ಟೆ," ಎಂದಳು ಅಕ್ಕ. "ನೀನು ಮಕ್ಕಳನ್ನ ಅಲ್ಲಿಗೆ ಹಾಕ್ಬಿಡ್ತೀಯ ಅಂತ ಹೆದರ್ಕೊಂಡು ಕೊಟ್ಟೆ. ಈಗ ನಿಲ್ಸಿದೀನಿ. ಹಾಕೋದಾದ್ರೆ ಹಾಕು."

ತಮ್ಮನ ಹೆಂಡತಿ ಬಯ್ಯಲು ಬಾಯಿ ತೆರೆದವಳು, ಯಾಕೋ ಬಟ್ಟಲಿನಿಂದ ಒಂದು ಹಿಡಿ ಕಾಳು ತೆಗೆದುಕೊಂಡು ಬಾಯಿಗೆ ಹಾಕಿಕೊಂಡಳು.

"ಹೆದರಿದ್ರೆ ಬಾಯ್ಬಿಟ್ಟು ಹೇಳ್ಬಾರದಾ ಅತ್ತಿಗೆ? ನಿಮಗೆ ಕಷ್ಟ ಆಗತ್ತೆ ಅಂತ ನಾನು ಆ ಜಾಗ ಹುಡುಕಿದ್ದು. ನಾಳೆ ಅವರಿಗೆ ಮಕ್ಕಳು ಬರಲ್ಲ ಅಂತ ಹೇಳ್ಬಿಡ್ತೀನಿ, ಬಿಡಿ."

ಅಕ್ಕ ಖಾಲಿಯಾಗಿದ್ದ ಮೊಸರಿನ ಬಟ್ಟಲನ್ನು ಸುಮ್ಮನೆ ಇನ್ನೊಮ್ಮೆ ಒರೆಸಿದಳು.

"ಆದ್ರೆ ಒಂದು ಮಾತು," ತಮ್ಮನ ಹೆಂಡತಿ ಕುರ್ಚಿ ಹತ್ತಿರಕ್ಕೆಳೆದು ದನಿ ತಗ್ಗಿಸಿದಳು. "ಈ ಪಿಶಾಚಿಗಳು ಹಸಿ ಸೌತೆಕಾಯಿಗೆ ಹೊಡೆದಾಡೋದು ಇವು ಹುಟ್ಟಿದಾಗಿಂದ ನಾನು ನೋಡಿಲ್ಲ. ಕ್ಲಿನಿಕ್ಕಿಗೆ ಬರೋ ತಾಯಂದಿರಿಗೆಲ್ಲ ಹೇಳ್ತೀನಿ. ಏನು ಉಪಾಯ ಮಾಡಿದ್ರಿ? ಇದಕ್ಕೆ ಏನು ಸೇರಿಸಿದೀರ? ನಿಜ ಹೇಳಿ ಅತ್ತಿಗೆ."

"ಏನೂ ಇಲ್ಲ ಕಣೇ," ಎಂದಳು ಅಕ್ಕ. "ಹಸಿವಾಗಿತ್ತು."