ಅಣ್ಣನ ಜೀಪಿನ ಕಬ್ಬಿಣದ ಕೀಲು

ಕಬ್ಬಿನ ಹೊಲದ ದಾರಿಯಲ್ಲಿ ನಮ್ಮ ಹಳೆಯ ಜೀಪು ಸೊಂಟ ಮುರಿಯುತ್ತಿತ್ತು. ಅದರ ಪಾಟಾ, ಅಂದರೆ ಪಟ್ಟಿ ಸ್ಪ್ರಿಂಗು, ಕಿತ್ತು ಕಾಯಿಲ್ ಸ್ಪ್ರಿಂಗ್ ಹಾಕಿಸುವ ಹುಚ್ಚು ಅಣ್ಣನಿಗೆ ಹತ್ತಿತು. ಪಾಟಾ ಹೋದರೆ ಹಿಂದಿನ ಆಕ್ಸಲನ್ನು ಹಿಡಿದಿಡಲು ಲಿಂಕುಗಳು ಬೇಕು. ಲಿಂಕೆಂದರೆ ಎರಡೂ ತುದಿಗೆ ಕೀಲಿರುವ ಗಟ್ಟಿ ಸರಳು.

ನಿಪ್ಪಾಣಿಯ ಗ್ಯಾರೇಜಿನಲ್ಲಿ ಮೇಸ್ತ್ರಿ ದಪ್ಪ ಗೋಡೆಯ ಕಬ್ಬಿಣದ ಪೈಪು ತೋರಿಸಿದ. ಅಣ್ಣ ಮಾತ್ರ ಮನೆಯ ಮೆಟ್ಟಿಲಿನ ಕಂಬಿಗೆ ತಂದು ಉಳಿದಿದ್ದ ಸ್ಟೀಲ್ ಪೈಪನ್ನು ಜೀಪಿನಲ್ಲೇ ಹೊತ್ತು ತಂದಿದ್ದ.

"ಇದು ಹೊಳಿತೈತಿ ನೋಡ" ಎಂದ.

"ಗಾಡಿ ಬುಡಕ ಹೊಕ್ಕು ಯಾರ ನೋಡತಾರಣ್ಣಾ?" ಎಂದೆ.

ಅಣ್ಣ ತಾಲೀಮಿನಲ್ಲಿ ಬೆಳೆದ ಪೈಲ್ವಾನ. ಎರಡು ಕಲ್ಲಿನ ಮೇಲೆ ಪೈಪಿಟ್ಟು ನಡುವೆ ಹತ್ತಿ ನಿಂತ. ಅದು ಮೆಲ್ಲಗೆ ಬಾಗಿ ಅವನನ್ನು ನೆಲಕ್ಕಿಳಿಸಿತು. "ಇದು ಮೆಟ್ಟಲಕ್ಕೂ ಬ್ಯಾಡ" ಎಂದು ಮೇಸ್ತ್ರಿಯ ಪೈಪಿಗೆ ಒಪ್ಪಿದ.

ಆದರೆ ಕೀಲಿನ ವಿಷಯಕ್ಕೆ ಬಂದಾಗ ಅಣ್ಣ ಸೋಲಲಿಲ್ಲ. ಕುಲುಕು ನುಂಗಲು ಕೀಲಿನೊಳಗೆ ರಬ್ಬರ್ ಬುಷ್ ಇರಲಿ ಎಂದೆ ನಾನು. ಅವನು ಮೊಬೈಲಿನಲ್ಲಿ ಬಂಡೆ ಹತ್ತುವ ಜೀಪು ತೋರಿಸಿ, "ರಬ್ಬರ್ ಚಪ್ಪಲಿಗೆ ಲೇ!" ಎಂದು ಎಲ್ಲ ತುದಿಗೂ ಕಬ್ಬಿಣದ ಗುಂಡಿನ ಕೀಲು ಹಾಕಿಸಿದ.

ಮರುವಾರ ಸೋದರತ್ತೆಯನ್ನು ಕೂರಿಸಿಕೊಂಡು ಯಡೂರಿನ ವೀರಭದ್ರನ ದರ್ಶನಕ್ಕೆ ಹೊರಟೆವು. ಜೀಪು ತಗ್ಗಿನಲ್ಲಿ ಬೆಕ್ಕಿನಂತೆ ಇಳಿದು ಹತ್ತುತ್ತಿತ್ತು, ಸುಳ್ಳಲ್ಲ. ಆದರೆ ರಸ್ತೆಯ ಪ್ರತಿ ಹರಳೂ ಆ ಕೀಲುಗಳನ್ನು ಖಣಖಣ ಕುಟ್ಟಿಸಿ ನೇರವಾಗಿ ನಮ್ಮ ಹಲ್ಲಿಗೆ ಬಂದು ಬಡಿಯುತ್ತಿತ್ತು. ಒಂದು ಊರಿನಲ್ಲಿ ಅಣ್ಣ ವೇಗ ತಗ್ಗಿಸಿದ್ದೇ ತಡ, ಅನ್ನ ಬೇಯಿಸುವ ತೂತುಬಿದ್ದ ಪಾತೇಲಿ ಹಿಡಿದು ಹೆಂಗಸೊಬ್ಬಳು ಅಡ್ಡ ನಿಂತಳು.

"ನಿಂದರ್ರೀ! ಹಳೇ ಬಾಂಡೆ ತಗೊಂಡು ಹೊಸಾದು ಕೊಡತೀರೇನು?"

ಅಣ್ಣನ ಮೀಸೆ ಅದುರಿತು. ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಹಿಂದಿನಿಂದ ತಲೆ ಹೊರಹಾಕಿದಳು. "ಇವತ್ತ ಮಾಲ ಇಲ್ಲವ್ವಾ. ಮುಂದಿನ ಸ್ವಾಮಾರ ಬರ್ತೇವಿ."

ಯಡೂರು ಬರುವವರೆಗೂ ಅಣ್ಣ ಒಂದೊಂದು ಹರಳನ್ನೂ ತಪ್ಪಿಸುತ್ತ ಜೀಪು ಓಡಿಸಿದ. ನಾನು ನಗು ತಡೆಯಲು ಕೃಷ್ಣಾ ಹೊಳೆಯ ಕಡೆ ಮುಖಮಾಡಿ ಕುಳಿತೆ. ದರ್ಶನ ಮುಗಿಸಿ ಬಂದ ಅತ್ತೆ ಜೀಪು ಹತ್ತಲು ಒಪ್ಪಲೇ ಇಲ್ಲ. "ನನ್ನ ಹಲ್ಲ ಇನ್ನಾ ಬೇಕಾಗ್ಯಾವು" ಎಂದು ಬಸ್ಸಿಗೆ ನಡೆದಳು.

ಮರುದಿನವೇ ಗ್ಯಾರೇಜಿಗೆ ಹೋಗಿ ಎಲ್ಲ ತುದಿಗೂ ರಬ್ಬರ್ ಬುಷ್ ಹಾಕಿಸಿದೆವು. ಜೀಪು ಮೌನಿಯಾಯಿತು. ಎಷ್ಟೆಂದರೆ, ಹೊಲದ ದಾರಿಯಲ್ಲಿ ನಾವು ಬೆನ್ನ ಹಿಂದೆ ಬಂದರೂ ಕಬ್ಬಿನ ಗಾಡಿಯವರು ಸರಿಯುತ್ತಿರಲಿಲ್ಲ. ಅಣ್ಣ ಈಗ ಲಾರಿಯ ಹಾರ್ನು ಹುಡುಕುತ್ತಿದ್ದಾನೆ. ಯಾವ ಹಾರ್ನು ಎಂಬುದರ ಮೇಲೆ ನಮ್ಮಿಬ್ಬರಲ್ಲಿ ಇನ್ನೂ ಒಮ್ಮತವಿಲ್ಲ.