ವಾಸನೆಯಿಲ್ಲದ ಮದ್ದು

ಕಲ್ಲಂಗಡಿ ಬಳ್ಳಿಗೆ ಮದ್ದು ಹೊಡೆದ ದಿನ ಅಪ್ಪಯ್ಯ ಊಟ ಮಾಡುತ್ತಿರಲಿಲ್ಲ. ವಾಂತಿ ಮಾಡಿಕೊಂಡು ಜಗಲಿಯಲ್ಲಿ ಮಲಗುತ್ತಿದ್ದರು. ನೀರಿನ ಲೋಟ ಹಿಡಿದ ಕೈ ನಡುಗುತ್ತಿತ್ತು. ಮುಖಕ್ಕೆ ಬಟ್ಟೆ ಕಟ್ಟಿಕೊಳ್ಳಿ ಎಂದರೆ, "ಉಸ್ರ್ ಕಟ್ತ್" ಎನ್ನುತ್ತಿದ್ದರು. ಬೈಂದೂರಿನ ನಮ್ಮ ಗದ್ದೆಯಲ್ಲಿ ಭತ್ತ ಕೊಯ್ದ ಮೇಲೆ ಕಲ್ಲಂಗಡಿಯೇ ಗತಿ.

ಮಗಳಾದ ನಾನು ಸಂಶೋಧನೆಗೆ ಸೇರಿದ್ದು ಆ ನಡುಕ ನಿಲ್ಲಿಸಲಿಕ್ಕೆ. ಹಾಗೆಂದು ಯಾರಿಗೂ ಹೇಳಿರಲಿಲ್ಲ. ಉಪ್ಪುಂದದಲ್ಲಿ ಬಿಸಾಡುವ ಸಿಗಡಿ ಸಿಪ್ಪೆಯನ್ನು ಚೀಲದಲ್ಲಿ ತುಂಬಿಸಿ ಬ್ರಹ್ಮಾವರದ ಪ್ರಯೋಗಾಲಯಕ್ಕೆ ಒಯ್ಯುತ್ತಿದ್ದೆ. ಆ ನಾತಕ್ಕೆ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಇಳಿಯುವವರೆಗೂ ಖಾಲಿ. ಸಿಪ್ಪೆಯಿಂದ ತೆಗೆದ ಅಂಟಿಗೆ ಜೇಡಿಮಣ್ಣಿನ ನ್ಯಾನೋ ಕಣಗಳನ್ನು ಬೆರೆಸಿ, ಕೀಟನಾಶಕವನ್ನು ಒಳಗಿಟ್ಟು, ಸಾಸಿವೆ ಗಾತ್ರದ ಗುಳಿಗೆ ಮಾಡಿದೆ. ಬುಡದಲ್ಲಿ ಹೂತರೆ ಬಾಯಲ್ಲಿಟ್ಟ ಕಲ್ಲುಸಕ್ಕರೆಯ ಹಾಗೆ ನಿಧಾನವಾಗಿ, ವಾರಗಟ್ಟಲೆ ಕರಗಿ ಬೇರಿಗೆ ಸೇರಬೇಕು. ಹೊಡೆಯುವ ಕೆಲಸವೇ ಇಲ್ಲ.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ಅಪ್ಪಯ್ಯ ಮಾತ್ರ ಮರುಮಾತಿಲ್ಲದೆ ಗುಳಿಗೆ ಹೂತರು. ಒಮ್ಮೆ ಮೂಸಿ, "ಇದ್ರಗೆ ವಾಸ್ನಿಯೇ ಇಲ್ಯಲೆ" ಎಂದರು. ನಾನು ನಕ್ಕೆ.

ಆ ವರ್ಷ ಒಂದು ಎಲೆಯೂ ಮುರುಟಲಿಲ್ಲ. ಪ್ರತಿ ಭಾನುವಾರ ಊರಿಗೆ ಬಂದು, ಎಲೆ ಮಗುಚಿ, ಗಿಡಹೇನು ಹುಡುಕಿ, ಇಲ್ಲವೆಂದು ಬರೆದುಕೊಂಡು ಹೋಗುತ್ತಿದ್ದೆ. ಸಭೆಯೊಂದರಲ್ಲಿ ಗದ್ದೆಯ ಚಿತ್ರ ತೋರಿಸಿ ಚಪ್ಪಾಳೆ ಗಿಟ್ಟಿಸಿದೆ. ಕಾಲು ನೆಲದ ಮೇಲಿರಲಿಲ್ಲ. ಅಪ್ಪಯ್ಯನ ಕೈ ಇನ್ನೂ ನಡುಗುತ್ತಿದ್ದುದನ್ನು ಕಂಡೆ. ವಯಸ್ಸಾಯಿತು ಎಂದುಕೊಂಡೆ.

ಮರುವರ್ಷ ಒಂದು ಬುಧವಾರ, ಫೋನೂ ಮಾಡದೆ ಮನೆಗೆ ಬಂದೆ. ಅಪ್ಪಯ್ಯನ ಬೈರಾಸು ಬಾವಿಕಟ್ಟೆಯಲ್ಲಿತ್ತು, ಅದರಲ್ಲಿ ಮುಖ ಒರೆಸಿಕೊಂಡೆ. ಚಿಕ್ಕಂದಿನಿಂದ ಬಲ್ಲ ಅದೇ ಮದ್ದಿನ ಘಾಟು. ಅವರು ಜಗಲಿಯಲ್ಲಿ ಮಲಗಿದ್ದರು.

"ಗುಳ್ಗಿ ಹಾಕಿದ್ಮೇಲೂ ಎಂತಕ್ ಹೊಡ್ದದ್ದ್ ಅಪ್ಪಯ್ಯ?"

ಅವರು ಗೋಡೆಯ ಕಡೆ ತಿರುಗಿದರು. "ವಾಸ್ನಿ ಇಲ್ದಿದ್ ಮದ್ದಿಗ್ ಹುಳ ಸಾಯ್ತಾ ಹೆಣೆ? ನೀ ಕಷ್ಟ ಪಟ್ಕಂಡ್ ಮಾಡ್ದದ್ದ್. ಅದ್ ಸೋಲೂಕಾಗ ಅಂದೇಳಿ ನೀ ಇಲ್ದಿದ್ದಾಗ ಹೊಡಿತಿದ್ದೆ."

ಬಾಯಿಗೆ ಬಂದಂತೆ ಬೈದೆ. ನನ್ನ ಎರಡು ವರ್ಷದ ಕೆಲಸ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು ಎಂದೆ. ಆಗಲೂ ನನಗೆ ನನ್ನ ಕೆಲಸದ್ದೇ ಚಿಂತೆ. ಇದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮುಂದಿನ ಬಳ್ಳಿ ಹಾಕುವ ಮೊದಲೇ ಅಪ್ಪಯ್ಯ ಹೋದರು. ಮದ್ದಿನಿಂದಲೇ ಎಂದು ಡಾಕ್ಟರು ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ.

ಮೊದಲ ಸಲ ಮೂಸಿದಾಗಲೇ ಅವರು ಹೇಳಿದ್ದರು. ಗುಳಿಗೆಗೆ ಒಂದಿಷ್ಟು ವಾಸನೆ ಬೆರೆಸಿದ್ದರೆ ಸಾಕಿತ್ತು. ಪ್ರಯೋಗಾಲಯದಲ್ಲಿ ಅದು ಅರ್ಧ ದಿನದ ಕೆಲಸ.