ಎರಡು ಬಹುಪದೋಕ್ತಿಗಳ ವಾಪಸು ದಾರಿ

ಅಪ್ಪನಿಗೆ ವಡೋದರಾದಿಂದ ಸೂರತ್ತಿಗೆ ವರ್ಗವಾದಾಗ ನಾನು ವಡೋದರಾದಲ್ಲೇ ಗಣಿತದ ಸಂಶೋಧನೆ ಮಾಡುತ್ತಿದ್ದೆ. ರೈಲ್ವೆ ನೌಕರಿ, ಹೊರಡು ಅಂದರೆ ಹೊರಡಬೇಕು. “ನಿನ್ನ ಪ್ರಮೇಯ ಸೆಮಿನಾರಲ್ಲಿ ಸರಿ ಅನ್ನಿಸ್ಕೊಂಡ್ರೆ ಇಲ್ಲೇ ಫತೇಗಂಜ್ ಹಾಸ್ಟೆಲಲ್ಲಿ ಇರು. ಇಲ್ದಿದ್ರೆ ನಮ್ಜೊತೆ ಬಾ, ಓದಿದ್ದು ಸಾಕು,” ಎಂದರು. ಅಪ್ಪ ಒಂದು ಮಾತು ಆಡಿದರೆ ಮುಗಿಯಿತು.

ನನ್ನ ಸಮಸ್ಯೆ ಹೇಳಲು ಸುಲಭ. ಎರಡು ಸಂಖ್ಯೆಗಳನ್ನು ಎರಡು ಬಹುಪದೋಕ್ತಿಗಳಿಗೆ ಹಾಕಿದರೆ ಹೊಸ ಎರಡು ಸಂಖ್ಯೆ ಬರುತ್ತವೆ. ಅಲ್ಲಿಂದ ಹಳೆಯವಕ್ಕೆ ಬಹುಪದೋಕ್ತಿಗಳ ಮೂಲಕವೇ ವಾಪಸು ಬರಬಹುದೇ? ಅವುಗಳ ಅವಕಲನಗಳ ನಿರ್ಧಾರಕ, ಅಂದರೆ ಡಿಟರ್ಮಿನೆಂಟ್, ಸೊನ್ನೆಯಲ್ಲದ ಸ್ಥಿರಸಂಖ್ಯೆಯಾದರೆ ಬಂದೇ ಬರಬಹುದು ಎಂದು ಸಾಧಿಸಿಬಿಟ್ಟೆನೆಂದು ಬೀಗುತ್ತಿದ್ದೆ.

ಸೆಮಿನಾರಿನ ದಿನ ಬೆಳಿಗ್ಗೆ ತಲೆ ಬಾಚುತ್ತಾ ಮೂರನೆಯ ಹೆಜ್ಜೆ ನೆನೆದುಕೊಂಡೆ. ಒಂದು ಬಹುಪದೋಕ್ತಿಯ ಘಾತ ಇನ್ನೊಂದರ ಘಾತವನ್ನು ಭಾಗಿಸುತ್ತದೆ ಎಂದು ಬರೆದಿದ್ದೆ. ಯಾಕೆ ಭಾಗಿಸಬೇಕು? ನನ್ನ ನೋಟ್‌ಬುಕ್ಕಿನ ಉದಾಹರಣೆಗಳಲ್ಲೆಲ್ಲ ಭಾಗಿಸಿತ್ತು, ಅಷ್ಟೆ. ಅಯ್ಯೋ, ನನ್ನ ಬುದ್ಧಿಗಿಷ್ಟು! ಅವನ್ನೆಲ್ಲ, ವಾಪಸು ಬರಲು ಗೊತ್ತಿದ್ದ ಸಣ್ಣ ಸಣ್ಣ ಹೆಜ್ಜೆಗಳನ್ನೇ ಪೋಣಿಸಿ ನಾನೇ ಕಟ್ಟಿದ್ದೆ. ವಾಪಸು ದಾರಿ ಇಲ್ಲದಿರಬಹುದಾದ ಜೋಡಿಯನ್ನು ಒಮ್ಮೆಯೂ ಮುಟ್ಟಿರಲಿಲ್ಲ.

ನಮ್ಮ ಗೈಡ್ ಗುಜರಾತಿನವರು. ಅವರ ಸೆಮಿನಾರಿನಲ್ಲಿ ಕೈಯಲ್ಲಿ ಕಾಗದ ಹಿಡಿಯುವಂತಿಲ್ಲ. ಎಲ್ಲವನ್ನೂ ಬೋರ್ಡಿನ ಮೇಲೆ ನೆನಪಿನಿಂದ ಬರೆಯಬೇಕು. ಅಪ್ಪ ರಜೆ ಹಾಕಿ ಬಂದು ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಮೂರನೆಯ ಹೆಜ್ಜೆ ಬರೆದೆ. ತಪ್ಪು ಯಾರ ಕಣ್ಣಿಗೂ ಬೀಳಲಿಲ್ಲ. “ಆಗಳ್, ಬೇನ್,” ಮುಂದೆ ಹೇಳಮ್ಮ, ಎಂದರು ಗೈಡ್. ಮುಂದೆ ಹೋಗಿದ್ದರೆ ಹಾಸ್ಟೆಲು ನನ್ನದೇ. ಹಾಳಾದ್ದು, ಮನಸ್ಸು ಒಪ್ಪಲಿಲ್ಲ. “ಇಲ್ಲಿ ತಪ್ಪಿದೆ ಸರ್, ಸಾಧನೆ ನಿಲ್ಲುವುದಿಲ್ಲ,” ಎಂದು ಸುಣ್ಣದಕಡ್ಡಿ ಕೆಳಗಿಟ್ಟೆ.

ಗೈಡ್ ಆ ಸಾಲನ್ನು ಮತ್ತೆ ಓದಿದರು. ಯಾರೂ ಕಾಣದ ತಪ್ಪನ್ನು ತಾನೇ ತೋರಿಸಿದಳು ಎಂದು ಎದ್ದು ಚಪ್ಪಾಳೆ ತಟ್ಟಿದರು. ಉಳಿದವರೂ ತಟ್ಟಿದರು.

ಹೊರಗೆ ಬಂದರೆ ಅಪ್ಪ ಎದ್ದು ನಿಂತಿದ್ದರು, ಮುಖವೆಲ್ಲ ಬೆವರು. “ಚಪ್ಪಾಳೆ ಕೇಳಿಸ್ತು. ಸರಿ ಅಂತಂದ್ರಾ ಅಮ್ಮಾ?”

ಒಳಗೆ ಅಷ್ಟು ಜನರ ಮುಂದೆ ಬಾರದ ಸುಳ್ಳು ಇಲ್ಲಿ ಸಲೀಸಾಗಿ ಬಂತು. “ಹೂಂ ಅಪ್ಪ.”

ಮನೆಗೆ ಬಂದವರೇ ಚಪ್ಪಲಿ ಬಿಡುವ ಮೊದಲೇ ಅಮ್ಮನನ್ನು ಕೂಗಿದರು: “ಗೆದ್ಬಿಟ್ಲು ಕಣೇ! ಅವಳ ಟ್ರಂಕು ಬೇರೆ ಇಡು.” ನನಗೆ ನಾಚಿಕೆಯಾಯಿತು, ಆದರೂ ಟ್ರಂಕಿಗೆ ಪುಸ್ತಕ ತುಂಬಿದೆ. ಸೂರತ್ತಿನಲ್ಲಿ ಸಿಕ್ಕಸಿಕ್ಕವರಿಗೆಲ್ಲ ಅವರು ಅದನ್ನೇ ಹೇಳಿದರು, ಸಾಯುವವರೆಗೂ ಹೇಳಿದರು.